ಧನುರ್ಮಾಸದ ಲಗ್ನ

"ಧನುರ್ಮಾಸದಾಗ ಯಾವ ಮಗಾ ಲಗ್ನಾ ಇಟ್ಕೊಂಡಾನಲೇ? ಹೆಸರ ಹೇಳು."

"ಹೆಸರ ಯಾಕ ಬೇಕ್ರಿ ನಿಮಗ? ಒಂದ ದಿನಾ ಸೂಟಿ ಕೇಳೇನಿ. ಕೊಡ್ರಿ, ಇಲ್ಲಂದ್ರ ಬಿಡ್ರಿ."

"ಕೊಡಂಗಿಲ್ಲ. ಹೋದ ವರ್ಷಾನೂ ಲಗ್ನಾ, ಅದರ ಹಿಂದಿನ ವರ್ಷಾನೂ ಲಗ್ನಾ. ಊರ ಹೊರಗ ನಿನಗ ಎಷ್ಟ ಮಂದಿ ಬೀಗರ ಅದಾರೋ ಮಾರಾಯಾ? ಪಂಚಾಂಗ ತಗದ ನೋಡೇನಿ. ಸಂಕ್ರಮಣದ ತನಕಾ ಒಂದ ಮುಹೂರ್ತ ಇಲ್ಲ."

"ನಿಮ್ಮ ಪಂಚಾಂಗ ನಿಮ್ಮ ಮನ್ಯಾಗ ಇಟಗೋರಿ. ಪುಣೇದಾಗ ನಡೀತೈತಿ."

"ಪುಣೇದಾಗ ಸೂರ್ಯಾ ಬ್ಯಾರೆ ಅದಾನೇನಲೇ?"

ಜಗಳ ನಡೆದದ್ದು ಬನಹಟ್ಟಿಯಲ್ಲಿ, ಮುರಿಗೆಪ್ಪ ಸಾಹುಕಾರರ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ, ಬೆಳಗಿನ ಏಳು ಗಂಟೆಗೆ. ಸೂಟಿ, ಅಂದರೆ ರಜೆ, ಕೇಳಿದವನು ಈರಪ್ಪ, ಆ ಶೆಡ್ಡಿನ ಜಾಬರ್. ಜಾಬರ್ ಅಂದರೆ ಕೆಟ್ಟು ನಿಂತ ಮಗ್ಗಗಳನ್ನು ರಿಪೇರಿ ಮಾಡುವವನು. ಇಬ್ಬರ ನಡುವೆ ನಿಂತವನು ನಾನು. ಸಾಹುಕಾರರು ಮಾತಿಗೊಮ್ಮೆ ನನ್ನ ಬಾನೆಟ್ಟಿಗೆ ಗುದ್ದುತ್ತಿದ್ದರು. ಸಿಟ್ಟು ಈರಪ್ಪನ ಮೇಲೆ, ಗುದ್ದು ನನಗೆ. ನನ್ನ ಜನ್ಮವೇ ಹೀಗೆ.

ಕೊನೆಗೆ ಸಾಹುಕಾರರು ಅಂದರು: "ಆತು. ಲಗ್ನಾ ಖರೇ ಇದ್ರ ನಾನೂ ಬರ್ತೀನಿ. ಅಕ್ಕಿಕಾಳ ಒಗದು, ಊಟಾ ಮಾಡಿ ಬರೂಣು. ಸುಳ್ಳ ಇತ್ತಂದ್ರ ನೀ ಅಲ್ಲೇ ಇರು. ಈ ಶೆಡ್ಡಿನ ಬಾಗಲಾ ತುಳಿಬ್ಯಾಡ."

ಈರಪ್ಪ ನಿಜ ಹೇಳಿಬಿಡಬಹುದಿತ್ತು. ಅವನೂ ಸಿಟ್ಟಿನ ಮನುಷ್ಯ. "ಹತ್ರಿ," ಅಂದ.

ಅವರು ಹತ್ತುವ ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಆಮೇಲೆ ದಾರಿಯಲ್ಲಿ ಪುರುಸೊತ್ತು ಸಿಗುವುದಿಲ್ಲ.

ನಾನು ಒಂದು ಡೀಸೆಲ್ ಜೀಪು. ದೊಡ್ಡದೊಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕಬ್ಬಿಣದ ಹಾಳೆಗಳನ್ನು ಒತ್ತಿ, ಬಾಗಿಸಿ, ಕಿಡಿ ಹಾರಿಸಿ ಬೆಸೆದು ನನ್ನನ್ನು ಮಾಡಿದರು. ನೋವಾಯಿತೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲ ಸಲ ಎಂಜಿನ್ ಚಾಲೂ ಮಾಡಿದವನು ಅರ್ಧ ಗಂಟೆ ಕಿವಿಗೊಟ್ಟು, "ಇದಕ್ಕೆ ಬೇಗ ಕಾವೇರುತ್ತದೆ" ಎಂದು ಪಕ್ಕದವನಿಗೆ ಹೇಳಿದ. ನನ್ನ ಜಾತಕ ಅಷ್ಟೇ. ಸಿಟ್ಟು ಬಂದರೆ ಬಾಯಿಂದ ಹೊಗೆ ಬಿಡುವವರನ್ನು ಕಂಡಿದ್ದೇನೆ. ನಾನು ಮೂಗಿನಿಂದ ಬಿಸಿನೀರು ಬಿಡುತ್ತೇನೆ.

ಮೊದಲು ನನ್ನನ್ನು ಕೊಂಡದ್ದು ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ಅಧಿಕಾರಿಯೊಬ್ಬರು ನನ್ನಲ್ಲಿ ಕೂತು ಹೊಲ ತಿರುಗುತ್ತಿದ್ದರು. ನಮ್ಮ ಕಬ್ಬು ಯಾವಾಗ ಕಡಿಸುತ್ತೀರಿ ಎಂದು ಜನ ನನ್ನ ಬಾಗಿಲು ಹಿಡಿದು ಕೇಳುವರು. ಸಾಹೇಬರು ಗಾಜು ಏರಿಸುವರು. ಆ ಗಾಜು ಏರಿಸಿ ಇಳಿಸಿಯೇ ಸವೆಯಿತು. ಹಳೆಯದಾದೆ ಎಂದು ಹರಾಜಿಗೆ ಹಾಕಿದರು. ಜಮಖಂಡಿಯ ದಾನಪ್ಪ ಹಿಡಿದ. ಒಂಬತ್ತು ಮಂದಿ ಕೂರುವ ಜಾಗದಲ್ಲಿ ಅವನು ಇಪ್ಪತ್ತೆರಡು ಮಂದಿಯನ್ನು ತುಂಬುತ್ತಿದ್ದ, ಟಾಪಿನ ಮೇಲೆ ಕೋಳಿ ಬುಟ್ಟಿ ಬೇರೆ. ಹಿಂದಿನ ಮೆಟ್ಟಿಲ ಮೇಲೆ ನಿಂತವರು ನನ್ನ ಬೆನ್ನಿಗೆ ತಟ್ಟಿ "ಹೋಗ್ಲಿ, ಹೋಗ್ಲಿ" ಅನ್ನುವರು. ನಾನು ಹೋಗುತ್ತಿದ್ದೆ. ಒಂದು ದಿನ ರಬಕವಿಯ ತಿರುವಿನಲ್ಲಿ ನಿಂತುಬಿಟ್ಟೆ. ದಾನಪ್ಪ ನನಗೂ ನನ್ನನ್ನು ಮಾಡಿದವರಿಗೂ ಬೈದು ಊಟಕ್ಕೆ ಹೋದ.

ಆಗ ಬಂದವನು ಈರಪ್ಪ. ಪಾಳಿ ಮುಗಿಸಿ ಸೈಕಲ್ ಮೇಲೆ ಮನೆಗೆ ಹೊರಟಿದ್ದ. ನನ್ನನ್ನು ಕಂಡು ಇಳಿದ. ಯಾರನ್ನೂ ಕೇಳದೆ ಬಾನೆಟ್ ಎತ್ತಿದ, ಅಂಗಿ ಬಿಚ್ಚಿ ಪಕ್ಕಕ್ಕಿಟ್ಟ, ಹೊತ್ತು ಇಳಿಯುವ ತನಕ ಕೈ ಹೊರಗೆ ತೆಗೆಯಲಿಲ್ಲ. ದಾನಪ್ಪ ಬಂದು ನೋಡಿದರೆ ನಾನು ಚಾಲೂ ಆಗಿದ್ದೆ. "ಇದರ ಮ್ಯಾಲ ನಿನಗ ಇಷ್ಟ ಪ್ರೀತಿ ಇದ್ರ ನೀನ ತಗೊಂಡ ಹೋಗಪಾ," ಅಂದ. ಹಾಗೆ ಈರಪ್ಪನ ಕೈಗೆ ಬಂದೆ.

ಈರಪ್ಪನ ಒಂದು ಗುಣ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಂತ ಯಂತ್ರವನ್ನು ಬಿಟ್ಟು ಅವನು ಏಳುವವನಲ್ಲ. ಮಗ್ಗ ಕೆಟ್ಟರೆ ಅದು ತಿರುಗುವ ತನಕ ಊಟವಿಲ್ಲ, ಮಾತಿಲ್ಲ, ಒಂದಕ್ಕೂ ಏಳುವುದಿಲ್ಲ. ಬನಹಟ್ಟಿಯ ಜಾಬರ್‌ಗಳೆಲ್ಲ ಹಾಗೇ ಕಲಿತವರು. ಈರಪ್ಪ ಸ್ವಲ್ಪ ಹೆಚ್ಚೇ ಕಲಿತ. ಸಾಹುಕಾರರ ನಲವತ್ತು ಮಗ್ಗ ಅವನೊಬ್ಬನ ಕೈಮೇಲೆ ನಡೆಯುತ್ತಿದ್ದವು. ಅದೇ ಗುಣ ಅವನಿಗೆ ಮುಳುವೂ ಆಯಿತು.

ಅದೇ ಶೆಡ್ಡಿನಲ್ಲಿ ಹಿಂದೆ ಮಲ್ಲು ಎಂಬವನು ನೇಯುತ್ತಿದ್ದ. ಈರಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರೂ ಊರಿನ ಕಬಡ್ಡಿ ತಂಡದಲ್ಲಿದ್ದರು. ಮಲ್ಲು ನಿಲ್ಲುತ್ತಿದ್ದುದು ಎಡ ಮೂಲೆಯಲ್ಲಿ, ಅವನ ಪಕ್ಕಕ್ಕೆ ಈರಪ್ಪ. ಕಬಡ್ಡಿಯಲ್ಲಿ ಪಕ್ಕದವರು ಕೈ ಕೈ ಹಿಡಿದು ನಿಲ್ಲುತ್ತಾರೆ. ಒಬ್ಬ ಕೈ ಹಿಂಡಿದರೆ ಇನ್ನೊಬ್ಬನಿಗೆ ಯಾವಾಗ ನುಗ್ಗಬೇಕೆಂದು ತಿಳಿಯಬೇಕು. ಇವರಿಬ್ಬರಿಗೆ ತಿಳಿಯುತ್ತಿತ್ತು. ಆಮೇಲೆ ಮಲ್ಲುವನ್ನು ದೊಡ್ಡ ಲೀಗಿನ ತಂಡವೊಂದು ಆರಿಸಿಕೊಂಡಿತು. ಟಿವಿಯಲ್ಲಿ ಬರತೊಡಗಿದ. ಈರಪ್ಪನ ವಯಸ್ಸು ಮೀರಿತ್ತು, ಅವನು ಮಗ್ಗದ ಹತ್ತಿರವೇ ಉಳಿದ.

ಲೀಗಿನಲ್ಲಿ ಸುಮಾರು ತಂಡಗಳು. ಕಡೆಗೆ ಉಳಿದ ಆರಕ್ಕೆ ಮಾತ್ರ ಪ್ಲೇಆಫ್. ಅಲ್ಲಿ ಸೋತವರು ಮನೆಗೆ. ಮಲ್ಲುವಿನ ತಂಡ ಪ್ಲೇಆಫ್‌ಗೆ ಬಂದಾಗಲೆಲ್ಲ ಅವನು ಎರಡು ಕುರ್ಚಿ ಕಾದಿರಿಸುತ್ತಿದ್ದ, ಮ್ಯಾಟಿನ ಅಂಚಿಗೆ, ಎಡ ಮೂಲೆಯ ಪಕ್ಕ. ಒಂದು ಈರಪ್ಪನಿಗೆ, ಇನ್ನೊಂದು ಮೈಬೂಬನಿಗೆ. ಮೈಬೂಬ ಶೆಡ್ಡಿನಲ್ಲಿ ನೂಲು ಸುತ್ತುವವನು, ಹಳೆಯ ತಂಡದ ಹಲಗಿ ಬಾರಿಸುವವನು.

ತೊಂದರೆ ಏನೆಂದರೆ ಒಂದು ದಿನ ಮೊದಲು ಮಾತ್ರ ತಿಳಿಯುವುದು. ಈ ಸಂಜೆ ಗೆದ್ದರೆ ನಾಳೆ ಸಂಜೆ ಪ್ಲೇಆಫ್, ಅದೂ ಪುಣೆಯಲ್ಲೋ ಹೈದರಾಬಾದಿನಲ್ಲೋ. ಗೆಲ್ಲುವ ಮೊದಲೇ "ಹೋಗೂಣು" ಎಂದು ಬಾಯಿಬಿಟ್ಟರೆ ತಂಡ ಸೋಲುತ್ತದೆ ಎಂದು ಇಬ್ಬರೂ ನಂಬಿದ್ದರು. ಹಾಗಾಗಿ ಹೋಗುತ್ತೇವೆ ಎಂದು ಹೇಳದೆಯೇ ಹೋಗುವ ತಯಾರಿ ನಡೆಯುತ್ತಿತ್ತು. ಒಂದು ತಿಂಗಳು ಮೊದಲೇ ನನ್ನ ಎಣ್ಣೆ ಬದಲು. ಸ್ಟೆಪ್ನಿಗೆ ಗಾಳಿ. ಶನಿವಾರ ಟಾಂಕಿ ಭರ್ತಿ. ಎರಡು ಕ್ಯಾನು ನೀರು, ಜಮಖಾನೆ, ಹಗ್ಗ. ಬಾನೆಟ್ಟಿನ ಒಳಮೈಗೆ ಸೀಮೆಸುಣ್ಣದಿಂದ ದಾರಿ: ತೇರದಾಳ, ಕುಡಚಿ, ಮಿರಜ, ಕರಾಡ. ಅಡ್ಡದಾರಿಗಳು ಬೇರೆ. ಯಾರಾದರೂ ಕೇಳಿದರೆ "ಸುಮ್ಮನ ಬರದೇನಿ" ಅನ್ನುವನು.

ಇಬ್ಬರೂ ಫೋನಿನಲ್ಲಿ ಮಾತಾಡುವಾಗ ಆಟದ ಹೆಸರೆತ್ತುತ್ತಿರಲಿಲ್ಲ. ತಂಡ ಮೇಲಕ್ಕೆ ಬಂದರೆ "ಕನ್ಯಾ ನೋಡ್ಯಾರ". ಇನ್ನೊಂದು ಗೆಲುವು ಬೇಕಿದ್ದರೆ "ಮಾತುಕತಿ ನಡದೈತಿ". ಪ್ಲೇಆಫ್ ಬಂತೆಂದರೆ "ಲಗ್ನ". ಇದನ್ನು ಹುಟ್ಟಿಸಿದವಳು ಈರಪ್ಪನ ಹೆಂಡತಿ ಗೌರವ್ವ, ತಮಾಷೆಗೆ. ಸಾಹುಕಾರರು ಸೂಟಿ ಕೊಡುತ್ತಿದ್ದುದು ಲಗ್ನಕ್ಕೆ ಮತ್ತು ಸಾವಿಗೆ ಮಾತ್ರ. ಸಾವು ಹೇಳಿದರೆ ಅಪಶಕುನ. ಹೀಗಾಗಿ ತಮಾಷೆಯ ಮಾತೇ ರಜೆಯ ಚೀಟಿಯಾಯಿತು.

ಮೂರು ಲಗ್ನಕ್ಕೆ ಹೊರಟೆವು. ಒಂದಕ್ಕೂ ಅಕ್ಕಿಕಾಳು ಬೀಳುವ ಹೊತ್ತಿಗೆ ಮುಟ್ಟಲಿಲ್ಲ. ಮೊದಲ ಸಲ ವಿಜಯಪುರ ದಾಟಿದ ಮೇಲೆ ನಡುರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಪಕ್ಕದಲ್ಲಿ ಸಾಗಲು ಬೇಕಾದಷ್ಟು ಜಾಗವಿತ್ತು. ಈರಪ್ಪ ಇಳಿದ. ಮೈಬೂಬ ತಲೆ ಚಚ್ಚಿಕೊಂಡ: "ಅದು ನಮ್ಮದಲ್ಲೋ ಯಪ್ಪಾ, ನಡಿಯೋ." ಈರಪ್ಪನಿಗೆ ಕೇಳಲಿಲ್ಲ. ಟ್ರ್ಯಾಕ್ಟರ್ ಚಾಲೂ ಆಯಿತು, ನಮ್ಮ ಹೊತ್ತು ಮೀರಿತ್ತು. ಎರಡನೆಯ ಸಲ ಕೈಕೊಟ್ಟವನು ನಾನೇ, ಫ್ಯಾನ್ ಬೆಲ್ಟು ಹರಿಯಿತು. ಮೂರನೆಯ ಸಲವೂ ನಾನೇ. ನಾವು ಹೋಗಿ ನಿಲ್ಲುವುದಕ್ಕೂ ಜನ ಹೊರಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಮಲ್ಲು ಬೆವರು ಒರೆಸುತ್ತಾ ಬಂದು ಬೈಯುತ್ತಿರಲಿಲ್ಲ. "ಖುರ್ಚಿ ಖಾಲಿ ಇತ್ತೋ ಈರಣ್ಣ," ಅನ್ನುವನು. ಬೈದಿದ್ದರೆ ವಾಸಿಯಿತ್ತು.

ಈ ವರ್ಷ ಮಲ್ಲುವಿಗೆ ಮೂವತ್ತಾರು. ಮೊಣಕಾಲು ಹೋಗಿತ್ತು. ಇದೇ ಕೊನೆಯ ವರ್ಷ ಎಂದು ಹೇಳಿದ್ದ. ನಿನ್ನೆ ಸಂಜೆ ತಂಡ ಗೆದ್ದಿತು. ಇವತ್ತು ಏಳೂವರೆಗೆ ಪುಣೆಯಲ್ಲಿ ಪ್ಲೇಆಫ್. ಸೋತರೆ ಮಲ್ಲುವಿನ ಆಟ ಮುಗಿಯಿತು. ಈರಪ್ಪ ಆ ಕುರ್ಚಿಯಲ್ಲಿ ಕೂರಬೇಕಾದರೆ ಇವತ್ತೇ ಕೂರಬೇಕು. ಅವಸರದಲ್ಲಿ ಅವನು ವರ್ಷವರ್ಷದ ಸುಳ್ಳನ್ನೇ ಹೇಳಿದ. ಹಿಂದಿನ ವರ್ಷಗಳಲ್ಲಿ ಲೀಗು ಬೇರೆ ತಿಂಗಳಲ್ಲಿ ನಡೆಯುತ್ತಿತ್ತು. ಈ ಸಲ ಅದು ಧನುರ್ಮಾಸಕ್ಕೆ ಬಂದಿದೆ, ಆ ತಿಂಗಳಲ್ಲಿ ಯಾರೂ ಲಗ್ನ ಮಾಡುವುದಿಲ್ಲ ಎಂಬುದು ಅವನ ತಲೆಗೇ ಹೊಳೆಯಲಿಲ್ಲ. ಎಣ್ಣೆ, ಗಾಳಿ, ನೀರು, ದಾರಿ ಎಲ್ಲ ನೋಡಿದವನು ಪಂಚಾಂಗ ನೋಡಲಿಲ್ಲ.

ಈಗ ಸಾಹುಕಾರರು ಹತ್ತಲಿ.

ಹತ್ತುವಾಗ ಗೌರವ್ವ ಶೆಡ್ಡಿನಿಂದ ಬಂದಳು. ಗಂಡನ ಸುಳ್ಳು ಸಿಕ್ಕಿಬಿದ್ದದ್ದು ಅವಳಿಗೆ ಗೊತ್ತಾಗಿತ್ತು. ಆದರೂ ಸಾಹುಕಾರರನ್ನು ಬಿಡಲಿಲ್ಲ. "ಲಗ್ನಕ್ಕ ಹೊಂಟೀರಿ, ಬರಿಗೈಲೆ ಹೊಂಟೀರಲ್ರಿ. ಮಂದಿ ಏನಂದಾರು?"

ಸಾಹುಕಾರರಿಗೆ ಮಾನ ಮುಖ್ಯ. ಒಳಗೆ ಹೋಗಿ ತಮ್ಮದೇ ಮಗ್ಗದ ಒಂದು ಕೆಂಪು ಸೀರೆ ಉಡುಗೊರೆಗೆ ತಂದರು. ಮುಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಂದೆ ಮೈಬೂಬ, ಅವನ ಮಗ್ಗುಲಿಗೆ ಹಲಗಿ.

ಕುಡಚಿಯ ಸೇತುವೆ ದಾಟಿದೆವು. ಆಮೇಲೆ ಸಾಹುಕಾರರು ತಿರುಗಿದರು.

"ಏನ್ ಮಾಡ್ತಾನೋ ಮೈಬೂಬ, ಹುಡುಗಾ?"

ಮೈಬೂಬ ಈರಪ್ಪನ ಬೆನ್ನು ನೋಡಿದ. "ಮೂಲ್ಯಾಗ ನಿಂದರ್ತಾನ್ರಿ," ಅಂದ.

"ಮೂಲ್ಯಾಗ ನಿಂತ ಏನ್ ಮಾಡ್ತಾನ?"

"ಬಂದವರ ಕಾಲ ಹಿಡಿತಾನ್ರಿ."

ಸಾಹುಕಾರರು ಯೋಚಿಸಿದರು. "ಭಾಳ ಸಂಸ್ಕಾರವಂತ ಬಿಡು. ಈಗಿನ ಹುಡುಗರು ಕೈ ಮುಗಿಯೂದಿಲ್ಲ."

"ಇವ ಹಿಡದಾ ಅಂದ್ರ ಬಿಡೂದಿಲ್ರಿ. ಎಳದ ಕೆಡವತಾನ್ರಿ."

ಈರಪ್ಪ ಕೆಮ್ಮಿದ. ನನ್ನ ಗೇರು ಸುಮ್ಮನೆ ಬದಲಿಸಿದ. ನನಗೆ ನಗು ಬಂದು ಸೈಲೆನ್ಸರ್ ಒಮ್ಮೆ ಢಬ್ ಅಂದಿತು.

ಮಿರಜದ ತನಕ ಹುಡುಗನ ಮನೆತನ, ಕರಾಡದ ತನಕ ಹುಡುಗಿಯ ಮನೆತನ. ಮೈಬೂಬ ಆ ಲೀಗಿನ ಆಟಗಾರರ ಹೆಸರುಗಳನ್ನೆಲ್ಲ ಅತ್ತೆ, ಮಾವ, ಭಾವಂದಿರು ಮಾಡಿ ಮುಗಿಸಿದ. ಸಾಹುಕಾರರು ಒಂದೊಂದಕ್ಕೂ ತಲೆಯಾಡಿಸಿದರು. ಅವರು ನಂಬಿದ್ದರೋ, ನಂಬಿದಂತೆ ಮಾಡಿ ಹಗ್ಗ ಸಡಿಲ ಬಿಡುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕರಾಡದ ಹತ್ತಿರ ಚಹಾಕ್ಕೆ ನಿಂತೆವು. ಈರಪ್ಪ ನನ್ನ ರೇಡಿಯೇಟರ್‌ಗೆ ನೀರು ಹಾಕುತ್ತಿದ್ದ. ಸೀಟಿನ ಮೇಲಿದ್ದ ಅವನ ಫೋನು ರಿಂಗಾಯಿತು. ಸಾಹುಕಾರರು ಎತ್ತಿಬಿಟ್ಟರು.

"ಮದುಮಗಾ ಏನಪಾ ಮಾತಾಡೂದು?"

ಆ ಕಡೆ ಮಲ್ಲು ಇದ್ದ. ಹಳೆಯ ಸಾಹುಕಾರರ ದನಿ ಅವನಿಗೆ ತಕ್ಷಣ ಗುರುತು ಸಿಕ್ಕಿತು. ನಡುವಿನ ಸುಳ್ಳು ಅವನಿಗೆ ಗೊತ್ತಿರಲಿಲ್ಲ. "ನೀವೂ ಬರಾಕತ್ತೀರೇನ್ರಿ ಸಾಹುಕಾರ್ರ?" ಅಂದ. ಎಷ್ಟು ಸಂತೋಷದಿಂದ ಅಂದನೆಂದರೆ ಫೋನಿನ ಹೊರಗೂ ಕೇಳಿಸಿತು. "ಇವತ್ತ ಸೋತ್ರ ನಂದ ಮುಗೀತ್ರಿ. ಈರಣ್ಣನ್ನ ಈ ಸಲಾರ ಹೊತ್ತಿಗಿ ಮುಟ್ಟಸ್ರಿ. ಖುರ್ಚಿ ಖಾಲಿ ಇದ್ರ ನನಗ ಆ ಕಡೆ ನೋಡಾಕ ಆಗೂದಿಲ್ರಿ."

ಸಾಹುಕಾರರು ಫೋನನ್ನು ಸೀಟಿನ ಮೇಲೆ ಮೆಲ್ಲಗೆ ಇಟ್ಟರು. ಚಹಾ ಮುಗಿಸಿದರು. ಆಮೇಲೆ ಅಂದರು, "ಗಾಡಿ ತಿರಗಸು."

"ತಿರಗಸಂಗಿಲ್ರಿ."

"ಇಷ್ಟ ವರ್ಷಾ ನನ್ನ ಮುಂದ ಲಗ್ನಾ ಲಗ್ನಾ ಅಂತ ಹೇಳಿ ಆಟಾ ನೋಡಾಕ ಹೋಗೂದಾ?"

"ಆಟಾ ನೋಡಾಕ ಅಂದ್ರ ಬಿಡ್ತಿದ್ರೇನ್ರಿ?"

"ಇಲ್ಲ."

"ಮತ್ತ."

ಸಾಹುಕಾರರ ಸಿಟ್ಟು ಇಮ್ಮಡಿಯಾಯಿತು. ಬಸ್ಸು ಹಿಡಿದು ವಾಪಸ್ಸಾಗುತ್ತಾರೆ ಅಂದುಕೊಂಡೆ. ಇಲ್ಲ, ಮತ್ತೆ ಮುಂದಿನ ಸೀಟಿನಲ್ಲೇ ಕೂತು ಬಾಗಿಲು ಧಡ್ಡೆಂದು ಹಾಕಿಕೊಂಡರು. ಸೀರೆಯನ್ನು ಮಾತ್ರ ಹಿಂದಕ್ಕೆಸೆದರು. ಅದು ಮೈಬೂಬನ ತಲೆಯ ಮೇಲೆ ಬಿತ್ತು.

ನಾನು ಓಡಿದೆ. ನಿಮಗೆ ಖರೆ ಹೇಳುತ್ತೇನೆ, ಹದಿನೆಂಟು ವರ್ಷದಲ್ಲಿ ಹಾಗೆ ಓಡಿರಲಿಲ್ಲ. ನಾನು ಎಷ್ಟೋ ಜನರನ್ನು ಆಟದ ಬಾಗಿಲ ತನಕ ಒಯ್ದವನು, ಒಂದು ಆಟವನ್ನೂ ಕಂಡವನಲ್ಲ. ನನ್ನ ಪಾಲಿಗೆ ಆಟವೆಂದರೆ ಗೋಡೆಯ ಆಚೆಯ ಗದ್ದಲ. ಇರಲಿ. ಈ ಮನುಷ್ಯನನ್ನು ಒಂದು ಸಲ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೇನೆ ಎಂದು ಹಟ ಹಿಡಿದೆ. ಸಾತಾರಾ ದಾಟಿದೆ. ಏರು ಏರಿದೆ. ಕಾವು ತೋರಿಸುವ ಮುಳ್ಳು ಕೆಂಪು ಗೀಟು ಮುಟ್ಟಿತು, ಮೀರಿತು. ಹಟಕ್ಕೆ ಎಂಜಿನ್ ಸಾಲದು. ಶಿರವಳದ ಹತ್ತಿರ, ಪುಣೆಗೆ ಐವತ್ತು ಕಿಲೋಮೀಟರ್ ಇರುವಾಗ, ಮಧ್ಯಾಹ್ನ ನಾಲ್ಕಕ್ಕೆ, ನನ್ನ ಒಳಗೆ ಏನೋ ಸೀಳಿತು. ಬಿಳಿ ಹೊಗೆ ಎದ್ದಿತು. ರಸ್ತೆಯ ಬದಿಗೆ ಉರುಳಿ ನಿಂತೆ.

ಇಲ್ಲಿ ನಾನು ಮುಂದಿನದನ್ನು ಮೊದಲು ಹೇಳುತ್ತೇನೆ. ಈರಪ್ಪ ನನ್ನನ್ನು ಬಿಟ್ಟು ಹೋದದ್ದನ್ನು ಕಡೆಗೆ ಹೇಳುತ್ತೇನೆ. ನನ್ನ ಕಥೆ, ನನ್ನಿಷ್ಟ.

ಈರಪ್ಪ ಆ ಕುರ್ಚಿಯಲ್ಲಿ ಕೂತ. ಮೊದಲ ದಾಳಿಗೂ ಮೊದಲು ಕೂತ. ಮೈಬೂಬ ನನ್ನ ಮೆಟ್ಟಿಲ ಮೇಲೆ ಕೂತು ತನ್ನ ಫೋನಿನಲ್ಲಿ ಪಂದ್ಯ ಹಚ್ಚಿದ್ದ. ಸಾಹುಕಾರರು ಮೊದಲು ಆಚೆ ಮುಖ ಮಾಡಿ ನಿಂತಿದ್ದರು, ಆಮೇಲೆ ಓರೆಗಣ್ಣಿನಿಂದ ನೋಡಿದರು, ಕಡೆಗೆ ಮೈಬೂಬನನ್ನು ಸರಿಸಿ ಪಕ್ಕದಲ್ಲೇ ಕೂತರು. ತಂಡ ಎರಡು ಅಂಕದಿಂದ ಸೋತಿತು. ಸೀಟಿ ಊದಿದ ಮೇಲೆ ಮಲ್ಲು ಮ್ಯಾಟಿನ ಅಂಚಿಗೆ ಬಂದು ಕೈ ಚಾಚಿದನಂತೆ, ಕುರ್ಚಿಯಲ್ಲಿದ್ದವನು ಎದ್ದು ಆ ಕೈ ಹಿಡಿದು ಪಕ್ಕಕ್ಕೆ ನಿಂತನಂತೆ. ಸಾಹುಕಾರರು ಕೇಳಿದರು, "ಸೋತಾರ ಅಂತಿ. ಯಾಕ ನಗಾಕತ್ಯಾರ ಇಬ್ರೂ?"

ಮರುದಿನ ಮಧ್ಯಾಹ್ನದವರೆಗೂ ಸಾಹುಕಾರರು ಕಾದರು. "ಬರ್ತಾನ. ನಿಂತ ಮಿಶನ್ ಬಿಟ್ಟ ಇರಾಂವಲ್ಲ ಅಂವಾ," ಎಂದು ಮೈಬೂಬನಿಗೆ ಮೂರು ಸಲ ಹೇಳಿದರು. ಬರಲಿಲ್ಲ. ನನ್ನನ್ನು ಗುಜರಿಯವನಿಗೆ ಒಪ್ಪಿಸಿ ಇಬ್ಬರೂ ಬಸ್ಸು ಹಿಡಿದರು. ಈರಪ್ಪ ಬನಹಟ್ಟಿಯ ಶೆಡ್ಡಿಗೂ ಹೋಗಲಿಲ್ಲ. ಇಚಲಕರಂಜಿಯಲ್ಲಿ ಬೇರೆಯವರ ಮಗ್ಗ ನೋಡುತ್ತಾನಂತೆ, ಗೌರವ್ವನೂ ಅಲ್ಲೇ ಇದ್ದಾಳಂತೆ. ಸಂಜೆ ಮಲ್ಲು ಮತ್ತು ಅವನು ಅಲ್ಲಿನವರಿಗೆ ಆಟ ಹೇಳಿಕೊಡುತ್ತಾರಂತೆ. ಆಮೇಲೊಂದು ದಿನ ನನ್ನ ಸ್ಟೆಪ್ನಿ ಬಿಚ್ಚಿಕೊಂಡು ಹೋಗಲು ಬಂದ ಮೈಬೂಬ ಗುಜರಿಯವನಿಗೆ ಹೇಳುತ್ತಿದ್ದ, ನಾನು ಕೇಳಿಸಿಕೊಂಡೆ.

ನಾನು ಶಿರವಳದ ಗುಜರಿಯಲ್ಲಿದ್ದೇನೆ. ಗಾಲಿಗಳಿಲ್ಲ, ಇಟ್ಟಿಗೆಯ ಮೇಲಿದ್ದೇನೆ. ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ಸುತ್ತ ಮರಾಠಿ ಮಾತು, ಅರ್ಧ ತಿಳಿಯುತ್ತದೆ. ಇಲ್ಲಿರುವವರೆಲ್ಲ ತಮ್ಮನ್ನು ಬಿಟ್ಟುಹೋದವರನ್ನು ಬೈಯುತ್ತಾರೆ. ಲಾರಿಯೊಂದು ಇಡೀ ದಿನ ಬೈಯುತ್ತದೆ. ನಾನೂ ಬೈಯುವ ಜಾತಿಯೇ. ಆದರೆ ಕೆಲವರನ್ನು ಹೋಗಗೊಡಬೇಕು. ಅದು ಓಡುವುದಕ್ಕಿಂತ ಕಷ್ಟದ ಕೆಲಸ. ಅದನ್ನು ನಿಂತುಕೊಂಡೇ ಮಾಡಬೇಕು.

ಅವನು ಹೋದದ್ದು ಹೀಗೆ.

ನಾನು ನಿಂತ ಕೂಡಲೇ ಈರಪ್ಪ ಇಳಿದು ಬಾನೆಟ್ ಎತ್ತಿದ. ಅಂಗಿ ಬಿಚ್ಚಿ ಕನ್ನಡಿಗೆ ತೂಗುಹಾಕಿದ. ಬೋಲ್ಟು ಬಿಚ್ಚುವ ಪಾನಾ ತೆಗೆದ. ಹೊಗೆಯಲ್ಲಿ ಬಗ್ಗಿ ಒಳಗೆಲ್ಲ ಕೈಯಾಡಿಸಿದ. ಮೂರು ತಾಸಿನ ಕೆಲಸ. ಅವನ ಬೆರಳುಗಳಿಗೆ ತಿಳಿಯಿತು, ನನಗೂ ತಿಳಿಯಿತು.

ಮೈಬೂಬ ಹಿಂದೆ ನಿಂತು ಅಂದ, "ನೀ ಹೋಗು. ನಾ ಗಾಡಿ ಕಾಯ್ತೀನಿ. ಖುರ್ಚಿ ಮ್ಯಾಲ ಒಬ್ಬರಾರ ಕುಂದರ್ಲಿ."

ಸಾಹುಕಾರರು ಮೀಸೆಯಲ್ಲೇ ನಕ್ಕರು. "ಅಂವಾ ಎಲ್ಲಿ ಹೋಗ್ತಾನ? ನಾ ಕಂಡಿಲ್ಲೇನ? ಬಿಚ್ಚಪಾ, ಬಿಚ್ಚು. ರಿಪೇರಿ ಮಾಡು. ಆಮ್ಯಾಲ ಊರಿಗಿ ಹೋಗೂಣು."

ಈರಪ್ಪ ಒಂದು ಬೋಲ್ಟಿಗೆ ಪಾನಾ ಹಚ್ಚಿದ. ಅರ್ಧ ಸುತ್ತು ತಿರುಗಿಸಿದ. ನಿಲ್ಲಿಸಿದ. ಅವನ ಕೈ ನನ್ನ ಮೇಲೆ ಸುಮ್ಮನೆ ಇತ್ತು. ನನ್ನ ಮೈ ಕೆಂಡವಾಗಿತ್ತು, ಸುಡುತ್ತಿದ್ದಿರಬೇಕು, ತೆಗೆಯಲಿಲ್ಲ. ಆಮೇಲೆ ತೆಗೆದ. ಪಾನಾವನ್ನು ಬ್ಯಾಟರಿಯ ಮೇಲಿಟ್ಟ. ಅಂಗಿ ಹಾಕಿಕೊಂಡು ಒಂದೊಂದೇ ಗುಂಡಿ ಹಚ್ಚಿದ. ಚಾವಿಯನ್ನು ಮೈಬೂಬನ ಕೈಗೆ ಕೊಟ್ಟ.

ಸಾಹುಕಾರರ ನಗು ಹೋಯಿತು. "ಹೋದ್ಯಂದ್ರ ನಾಳೆ ಕೆಲಸಕ್ಕ ಬರಬ್ಯಾಡ."

"ಬರಂಗಿಲ್ರಿ."

ಅವನು ರಸ್ತೆಯ ಕಡೆ ನಡೆದ. ಹತ್ತು ಹೆಜ್ಜೆ ಆಗಿರಬೇಕು. ಸಾಹುಕಾರರು ಕೂಗಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಥ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಈರಪ್ಪಾ. ನಲವತ್ತ ಮಗ್ಗ ಅದಾವೋ. ನಿಂತ್ರ ಯಾರ ನೋಡ್ತಾರ?"

ಈರಪ್ಪ ನಿಂತ. ತಿರುಗಲಿಲ್ಲ.

"ನಿಂತಾವ ನಿಂದರ್ಲಿ ಸಾಹುಕಾರ್ರ."

ಉಳ್ಳಾಗಡ್ಡಿ ತುಂಬಿದ ಲಾರಿಯೊಂದು ಬರುತ್ತಿತ್ತು. ಕೈ ಮಾಡಿದ. ಅದು ನಿಧಾನ ಮಾಡಿತು, ಪೂರ್ತಿ ನಿಲ್ಲಲಿಲ್ಲ. ನಲವತ್ತಾರರ ಮನುಷ್ಯ ನಾಲ್ಕು ಹೆಜ್ಜೆ ಓಡಿ, ಸರಳು ಹಿಡಿದು, ಮೇಲೆ ಹತ್ತಿ, ಪುಣೆಯ ಕಡೆ ಹೋದ.